ಮಾವನವರು ಬೈಸಿಕೊಳ್ಳುವ ಭಾನುವಾರ

ಬೈಸಿಕೊಳ್ಳುವುದಕ್ಕೆಂದೇ ಶಾಮಿಯಾನ ಹಾಕಿಸುವ ಮನುಷ್ಯರನ್ನು ಕಂಡಿದ್ದೀರಾ? ನಾಗಸಂದ್ರಕ್ಕೆ ಬನ್ನಿ, ತೋರಿಸುತ್ತೇನೆ. ಅವರು ನನ್ನ ಗಂಡನ ತಂದೆ! ಮಿಲಿಟರಿಯಿಂದ ನಿವೃತ್ತರಾಗಿ ಬಂದು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ.

ಬೇರೆ ಓನರುಗಳು ಬಾಡಿಗೆಗೆ ಬಂದವರನ್ನು ಕೆಲಸ ಎಲ್ಲಿ, ಸಂಸಾರ ಎಷ್ಟು ಎಂದು ವಿಚಾರಿಸುತ್ತಾರೆ. ನಮ್ಮ ಮಾವ ಪ್ಯಾಂಟು ಮೇಲೆತ್ತಿಸಿ ಮೀನಖಂಡ ನೋಡುತ್ತಾರೆ! ‘ಫುಟ್‌ಬಾಲ್ ಆಡ್ತೀಯೇನ್ಲಾ?’ ಎನ್ನುವುದೊಂದೇ ಪ್ರಶ್ನೆ. ಬ್ಯಾಂಕಿನವರೊಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಸಪ್ಪೆ ಮುಖ ಹಾಕಿಕೊಂಡು ಹೋದರು. ಪೀಣ್ಯದಲ್ಲಿ ಲೇತ್ ನಡೆಸುವ ಬಾಗಲಕೋಟೆಯವನಿಗೆ ಗಾಳಿ ಬೆಳಕಿನ ರೂಮು ಸಿಕ್ಕಿತು. ಅವನು ಡಿಫೆನ್ಸ್ ಆಡುತ್ತಾನಂತೆ.

ಇದೆಲ್ಲ ಪ್ರತಿವರ್ಷ ಡಿಸೆಂಬರಿನ ಒಂದು ಭಾನುವಾರಕ್ಕಾಗಿ. ಅವತ್ತು ನಮ್ಮ ವಠಾರಕ್ಕೂ ಲಗ್ಗೆರೆಯವರಿಗೂ ಮ್ಯಾಚು. ನಮ್ಮ ಕಡೆ ಹತ್ತೇ ಜನ, ಅದರಲ್ಲಿ ಗೋಲಿಗೆ ನಿಲ್ಲುವವರು ಅರವತ್ತು ದಾಟಿದ ಮಾವ! ಎಡಗಡೆಯ ಜಾಗ ಖಾಲಿ. ಅದು ಎಡ್ವಿನ್‌ನದು. ಪಲ್ಟನ್ನಿನ ಟೀಮಿನಲ್ಲಿ ಮಾವನ ಜೊತೆ ಆಡುತ್ತಿದ್ದ ಕೆ.ಜಿ.ಎಫ್.ನವನು, ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ. ಮ್ಯಾಚಿನ ಮೊದಲ ಪಾಸು ಅವನಿಗೇ. ಯಾರೂ ಇಲ್ಲದ ಕಡೆ ಉರುಳಿದ ಚೆಂಡು ಸೀದಾ ಮೋರಿಗೆ!

‘ಅಜ್ಜಾರ, ಅಲ್ಲಿ ಯಾರೂ ಇಲ್ಲಲ್ರೀ!’ ಎಂದ ಲಗ್ಗೆರೆಯ ಕ್ಯಾಪ್ಟನ್ನಿಗೆ ಮಾವ, ‘ನಿನ್ ಕಣ್ಣಿಗೆ ಕಾಣಾಕಿಲ್ಲ, ಸುಮ್ಕೆ ಆಡ್ಲಾ’ ಎಂದಿದ್ದರು. ನಾವು ಗೆದ್ದ ವರ್ಷ ಯಾವುದೂ ನನಗೆ ನೆನಪಿಲ್ಲ.

ಇನ್ನು ಭೀಮಪ್ಪ. ಅದೇ ಪಲ್ಟನ್ನಿನ ಅಡುಗೆಯವನು, ಬಿಜಾಪುರದ ಕಡೆಯವನು. ಚೆಂಡು ಮುಟ್ಟಿದವನಲ್ಲ; ಲೈನಿನ ಹೊರಗೆ ನಿಂತು ತನ್ನ ಟೀಮನ್ನೇ ವಾಚಾಮಗೋಚರವಾಗಿ ಬೈಯುವುದೇ ಅವನ ಬೆಂಬಲ! ಅವನೂ ಆ ಯುದ್ಧದಿಂದ ಬರಲಿಲ್ಲ. ‘ಎರಡು ನಿಮಿಷ ಮೌನ ಆಚರಿಸೋಣ ಸಾರ್’ ಎಂದು ಬಾಡಿಗೆಯವನೊಬ್ಬ ಹೇಳಿದ್ದಕ್ಕೆ ಮಾವ ಉರಿದುಬಿದ್ದರು. ‘ಮೌನ ಯಾಕ್ಲಾ? ಭೀಮಪ್ಪ ಜಲ್ಮದಾಗೆ ಎರಡು ನಿಮಿಷ ಬಾಯಿ ಮುಚ್ಚಿದೋನಲ್ಲ!’

ಹಾಗಾಗಿ ಭೀಮಪ್ಪನ ನೆನಪಿಗೆ ಮ್ಯಾಚು ಮುಗಿಯುವವರೆಗೆ ಒಬ್ಬರು ಬೈಯುತ್ತಿರಬೇಕು. ಆ ಹೊಣೆ ನಮ್ಮ ಅತ್ತೆಯದು. ಸಂಸಾರ ಮಾಡಿದ ಅನುಭವ ಸಾಲದೇ?

ಆದರೆ ಒಂದು ವರ್ಷ, ಮ್ಯಾಚಿನ ದಿನವೇ ಅತ್ತೆಯ ಗಂಟಲು ಕಟ್ಟಿಬಿಟ್ಟಿತು. ಮಾವ ಗ್ಲೌಸ್ ಬಿಚ್ಚಿ ಶಾಮಿಯಾನದಲ್ಲಿ ಕುಕ್ಕರಿಸಿದರು. ಅವರ ಮುಖ ನೋಡಲಾಗಲಿಲ್ಲ. ‘ಬೈಯೋರಿಲ್ದೆ ಮ್ಯಾಚಿಲ್ಲ’ ಎಂದವರು ನನ್ನ ಕಡೆ ತಿರುಗಿದರು. ‘ನೀನ್ ಬೈಯವ್ವ.’

‘ಅಯ್ಯೋ! ನಿಮಗಾ ಮಾವ?’ ಸೊಸೆ ಮಾವನನ್ನು ಬೈಯುವುದೆಂದರೇನು, ಅದೂ ಇಡೀ ನಾಗಸಂದ್ರದ ಎದುರಿಗೆ!

‘ಇಷ್ಟ್ ದಿನ ಮನ್ಸಲ್ಲೇ ಬೈದಿಲ್ವಾ? ಅದನ್ನೇ ಜೋರಾಗಿ ಯೋಳು.’

ಸಿಕ್ಕಿಬಿದ್ದೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ಲೈನಿನ ಬಳಿ ನಿಂತೆ. ಮೊದಲ ಗೋಲಿಗೆ, ‘ಸ್ವಲ್ಪ ನೋಡ್ಕೊಂಡು ಹಿಡೀರಿ ಮಾವ’ ಎಂದೆ. ‘ಇದ್ಯಾವ ಬೈಗುಳ?’ ಎಂದು ಅಲ್ಲಿಂದಲೇ ಗದರಿದರು. ಎರಡನೆಯದಕ್ಕೆ, ‘ಬೆಳಗ್ಗೆ ಹೊಡೆದ ಮುದ್ದೆ ಎಲ್ಲಿ ಹೋಯ್ತು?’ ಮೂರನೆಯದಕ್ಕೆ ಕಟ್ಟೆಯೇ ಒಡೆಯಿತು. ‘ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕೋಕೆ ಬರುತ್ತೆ, ಬಾಲ್ ಹಿಡಿಯೋಕೆ ಬರಲ್ವಾ!’ ಲಗ್ಗೆರೆಯವರು ಶಿಳ್ಳೆ ಹೊಡೆದರು. ದನಿ ಹೊರಡದ ಅತ್ತೆ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು!

ಯಥಾಪ್ರಕಾರ ಸೋತೆವು. ಎಲ್ಲರೂ ಬಿರಿಯಾನಿಯ ಕಡೆ ಓಡಿದರು. ಮಾವ ಮಾತ್ರ ಗೋಲಿನ ಹತ್ತಿರವೇ ಕೂತಿದ್ದರು. ‘ತಪ್ಪು ತಿಳ್ಕೋಬೇಡಿ ಮಾವ’ ಎನ್ನುತ್ತಾ ಹತ್ತಿರ ಹೋದರೆ, ಗ್ಲೌಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ!

‘ನಾವು ಯುದ್ಧಕ್ಕೆ ಲಾರಿ ಹತ್ತಿದ ಮ್ಯಾಲೂ ಬೈತಿದ್ದ ಕಣವ್ವ ಭೀಮಪ್ಪ. “ಹ್ವಾದ ಮ್ಯಾಚಿಂದು ಬೈಯೂದು ಇನ್ನಾ ಬಾಕಿ ಐತಿ. ಜೀವಂತ ಬಾರಲೇ ಮಗನ, ಬೈತೀನಿ” ಅಂತ. ನಾನ್ ಬಂದೆ. ಗಡೀಲಿದ್ದ ನಮಗೇ ರೊಟ್ಟಿ ತರ್ತಾ ಇದ್ದಾಗ ಅವನ ಮ್ಯಾಲೆ ಶೆಲ್ ಬಿತ್ತು.’ ಗ್ಲೌಸ್ ಬಿಚ್ಚಿಟ್ಟು, ‘ಚೆನ್ನಾಗ್ ಬೈದೆ. ದೊಡ್ಡ ಉಪಕಾರ ಆಯ್ತು’ ಎಂದು ನನಗೆ ಕೈಮುಗಿದರು.

ನಾನು ಕಾಣದ ಆ ಭೀಮಪ್ಪ, ಬೈದು ಬೈದೇ ಈ ಮನುಷ್ಯನನ್ನು ನಮ್ಮ ಮನೆಗೆ ತಿರುಗಿ ಕಳಿಸಿದ್ದ. ಮನಸ್ಸಿನಲ್ಲೇ ಅವನಿಗೆ ನಮಸ್ಕಾರ ಮಾಡಿ, ಮಾವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದೆ.

‘ಇನ್ನೂ ಬಾಕಿ ಇದೆ ಮಾವ’ ಎಂದೆ. ‘ಮುಂದಿನ ವರ್ಷ ಗೋಲಿಗೆ ನೀವೇ ನಿಲ್ಲಬೇಕು. ಬೈತೀನಿ.’