ಎದುರಾಳಿಯ ಭಾಷಣ ಓದಿದ ಮಾವ

ಚುನಾವಣೆಗೆ ನಿಂತವರು ಸೋಲುವುದುಂಟು. ಆದರೆ ಎದುರಾಳಿಗೆ ಸ್ವಂತ ಗಂಟಲು ಕೊಟ್ಟು ಗೆಲ್ಲಿಸಿದವರು, ಮರವಂತೆಯಿಂದ ಹಾಲಾಡಿಯವರೆಗೆ ಹುಡುಕಿದರೂ, ನಮ್ಮ ಸೋದರಮಾವ ಒಬ್ಬರೇ!

ಅದು ನಲವತ್ತರ ದಶಕದ ಪಂಚಾಯತಿ ಚುನಾವಣೆ. ಒಂದು ಕಡೆ, ಏನೂ ಬದಲಾಗಕೂಡದೆನ್ನುವ ಗದ್ದೆಗಳ ಒಡೆಯರು. ಇನ್ನೊಂದು ಕಡೆ, ಗೆದ್ದ ತಿಂಗಳಲ್ಲೇ ಹೊಳೆಗೆ ಸೇತುವೆ, ಗದ್ದೆಗೆ ಗೇಣಿಯೇ ಇಲ್ಲ ಎಂದು ಗುಡುಗುವ ಹೊಸ ಭಾಷಣಕಾರ. ಊರಿಗೆ ಊರೇ ಅವನ ಹಿಂದೆ! ಮಾವನದು ನಡುವಿನ ಪಕ್ಷ. ಸದಸ್ಯರು ಯಾರು ಅಂತೀರಾ? ಮಾವ, ಶಾಲೆಯ ಮಾಸ್ತರರು ಮತ್ತು ಮಾವನ ಛತ್ರಿ. ಭರವಸೆಯೂ ಒಂದೇ: ಹೊಳೆ ದಾಟುವ ಕಡವಿಗೆ ಇನ್ನೊಂದು ದೋಣಿ. ಇದ್ದ ಒಂದೇ ದೋಣಿಗೆ ಮಳೆಗಾಲದಲ್ಲೂ ಹದಿನೈದು ಜನ ಹತ್ತುತ್ತಿದ್ದರು. ಒಂದು ಆಷಾಢದಲ್ಲಿ ಅದು ಮಗುಚಿ ಇಬ್ಬರು ಹೋದ ಮೇಲೆ ಮಾವನಿಗೆ ಬೇರೆ ಮಾತೇ ಇರಲಿಲ್ಲ.

ನೀವೂ ಒಂದು ಸೇತುವೆ ಹೇಳಿಬಿಡಿ ಎಂದು ಮಾಸ್ತರರು ಗೋಗರೆದರು.

“ಆಪ್ದನ್ನ್ ಮಾತ್ರ ಹೇಳ್ವ, ಆಗ್ದಿದ್ದದ್ದ್ ಬ್ಯಾಡ” ಎಂದರು ಮಾವ.

ಕೊನೆಯ ಸಭೆಯ ದಿನ ಭಾಷಣಕಾರನ ಗಂಟಲು ಕೂಗಿ ಕೂಗಿ ಕಟ್ಟಿಹೋಯಿತು. ಒಡೆಯರ ಕಡೆಯವರು ಕುಣಿದರು. ಮಾವ? ಶುಂಠಿ ಕಷಾಯ ಹಿಡಿದು ಅವನ ವೇದಿಕೆಯನ್ನೇ ಹತ್ತಿದರು! ಕಷಾಯಕ್ಕೂ ಗಂಟಲು ಬಿಡಲಿಲ್ಲ. ಜನ ಅಷ್ಟು ದೂರದಿಂದ ನಡೆದು ಬಂದಿದ್ದಾರಲ್ಲ ಎಂದು, ಅವನ ಕಾಗದ ತೆಗೆದುಕೊಂಡು ತಾವೇ ಓದತೊಡಗಿದರು. ಸುಮ್ಮನೆ ಓದಿದರೆ ಮಾವ ಹೇಗಾದಾರು? ನಡುನಡುವೆ ತಿದ್ದುಪಡಿ!

“ಸೇತುವೆ ಒಂದ್ ತಿಂಗ್ಳಲ್ಲಿ ಆತಿಲ್ಲೆ, ಹತ್ತ್ ವರ್ಷ ಅಂದ್ಕಣಿ. ಗೇಣಿ ಪೂರ್ತಿ ಹೋಪುದಿಲ್ಲ. ಆದ್ರೆ ಒಡೆಯರ್ ಗೇಣಿ ಭತ್ತ ಜಾಸ್ತಿ ಅಳ್ಸ್ಕಂತ್ರ್, ಅದ್ ಖರೆ. ಇವ್ನ್ ಸಿಟ್ಟ್ ಸುಳ್ಳಲ್ಲ.”

ಜನ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾದರು. ಆಮೇಲೆ ಹೋಗಿ ಭಾಷಣಕಾರನಿಗೇ ಓಟು ಹಾಕಿದರು. ಅಷ್ಟು ಚೆನ್ನಾಗಿ ಓದಿದ್ದರು ಮಾವ!

ಸೇತುವೆ ಬರಲಿಲ್ಲ. ಹೊಸ ಬಾಗಿಲಿಗೆಂದು ಅತ್ತೆ ಕಾಪಾಡಿಕೊಂಡಿದ್ದ ಹಿತ್ತಿಲ ಮರವನ್ನು ಕಡಿಸಿ ಮಾವ ದೋಣಿ ಮಾಡಿಸಿದರು. ಅತ್ತೆ ಒಂದು ತಿಂಗಳು ಮಾತು ಬಿಟ್ಟರು. ಎಂಟು ಜನಕ್ಕಿಂತ ಹೆಚ್ಚು ಹತ್ತಕೂಡದು ಎಂಬುದು ಆ ದೋಣಿಯ ಕಾನೂನು.

ಆ ಮಳೆಗಾಲದಲ್ಲಿ ನಾನು ತುಂಬು ಬಸುರಿ. ಗಂಡನ ಮನೆಯಿಂದ ತವರಿಗೆ ಕರೆದೊಯ್ಯಲು ಮಾವನೇ ಬಂದಿದ್ದರು. ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ನಾವಿಬ್ಬರೂ ಸೇರಿ ದೋಣಿಯಲ್ಲಿ ಸರಿಯಾಗಿ ಎಂಟು ಜನ. ಅಂಬಿಗ ಹುಟ್ಟು ಎತ್ತಿದ. ಮಾವ ನನ್ನ ಕಡೆ ನೋಡಿದವರು, ತಟ್ಟನೆ ಎದ್ದು ಮೊಣಕಾಲುದ್ದದ ಕೆಸರಿಗೆ ಇಳಿದುಬಿಟ್ಟರು.

“ಹ್ವಾಯ್, ಇಪ್ಪುದ್ ಎಂಟೇ ಜನ, ಕೂಕಣಿ” ಎಂದ ಅಂಬಿಗ.

“ಅವ್ಳ್ ಇಬ್ರ್ ಮಾರಾಯ. ನೀ ಹೋಗ್, ನಾ ಮುಂದಿನ್ ಸರ್ತಿ ಬತ್ತೆ.”

ದೋಣಿ ಹೊರಟಿತು. ಮಳೆಯಲ್ಲಿ ನೆನೆಯುತ್ತ ದಡದಲ್ಲೇ ನಿಂತಿದ್ದ ಅವರನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಇನ್ನೂ ಹುಟ್ಟದ ನನ್ನ ಮಗಳನ್ನು ಈ ಊರಿನಲ್ಲಿ ಮೊದಲು ಲೆಕ್ಕಕ್ಕೆ ಹಿಡಿದವರು ಅವರು.