ಹದಿನೈದು ದಿನಕ್ಕೆ ಕೊಟ್ಟ ಪುಸ್ತಕ

ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರಿಗೆ ಸಿಗದಿರುವುದೇ ಪುಸ್ತಕದ ಲಕ್ಷಣ ಎಂಬ ನಂಬಿಕೆಯಲ್ಲೇ ನನ್ನ ತಲೆ ನರೆತಿದೆ. ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. "ಹೊರಗೆ ಹೋಗಿದೆ, ಬಂದಮೇಲೆ ಬನ್ನಿ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಬರುತ್ತದೆ. ಮನೆಯಲ್ಲಿ ಉಪ್ಪಿನಕಾಯಿ ಕೇಳಿದ ನೆಂಟರಿಗೂ ಒಮ್ಮೆ ಹಾಗೇ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಈಗ ವಿದ್ವಾಂಸರ ದಪ್ಪ ದಪ್ಪ ಪುಸ್ತಕಗಳನ್ನು ಪ್ರಕಾಶಕರೇ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಇಡುತ್ತಿದ್ದಾರೆ, ಯಾರು ಬೇಕಾದರೂ ಓದಬಹುದು. ಸಂತೋಷವೇ. ಆದರೆ ಸೀಲು ಎಲ್ಲಿ ಹೊಡೆಯುವುದು, ಯಾವ ಬೀರುವಿಗೆ ಬೀಗ ಹಾಕುವುದು? ನಾನು ಹೀಗೆ ತಲೆ ಕೆರೆದುಕೊಳ್ಳುತ್ತಿರುವಾಗಲೇ ಪ್ರಿನ್ಸಿಪಾಲರು ಎರವಲು ರಿಜಿಸ್ಟರ್ ತಿರುವಿಹಾಕಿ, "ಪುಟವೆಲ್ಲ ಖಾಲಿ ಇದೆಯಲ್ರೀ. ಯಾರೂ ಬರದಿದ್ದರೆ ಓದುವ ಕೋಣೆಯನ್ನ ಪರೀಕ್ಷಾ ವಿಭಾಗಕ್ಕೆ ಕೊಟ್ಟುಬಿಡೋಣ" ಎಂದರು. ಆ ಕೋಣೆಯ ಒಂದೊಂದು ಕುರ್ಚಿಯ ಕಿರುಗುಟ್ಟುವಿಕೆಯೂ ನನಗೆ ಗೊತ್ತು.

ಅಷ್ಟರಲ್ಲಿ ಅರಕೆರೆಯ ನಿಂಗೇಗೌಡರು ಬಂದರು. ಕಬ್ಬು ಬೆಳೆಯುವವರು, ನಮ್ಮ ಹಳೇ ವಿದ್ಯಾರ್ಥಿ. ನಾಲೆಗಳ ಚರಿತ್ರೆಯ ಒಂದು ಪುಸ್ತಕಕ್ಕಾಗಿ ಪಾಂಡವಪುರ, ನಾಗಮಂಗಲವನ್ನೆಲ್ಲ ಅಲೆದವರು. ಅದೀಗ ಬಿಟ್ಟಿಯಾಗಿ ಸಿಗುತ್ತಿತ್ತು. ಅವರ ಫೋನಿಗೆ ಇಳಿಸಿಕೊಟ್ಟೆ. ರಿಜಿಸ್ಟರ್ ತುಂಬುವ ಆಸೆಗೆ ಸಹಿಯನ್ನೂ ಹಾಕಿಸಿಕೊಂಡೆ. ಅವಧಿ, ಎಂದಿನಂತೆ, ಹದಿನೈದು ದಿನ.

ಹದಿನೈದನೇ ದಿನ ಮನುಷ್ಯ ಬಸ್ಸು ಹತ್ತಿ ಬಂದೇಬಿಟ್ಟರು. ಫೋನನ್ನು ಮೇಜಿನ ಮೇಲಿಟ್ಟು, "ತಕಳಿ ಸಾ, ಪುಸ್ತಕ ವಾಪಸ್ ಇಸ್ಕಳಿ. ಇನ್ನೂ ಅರ್ಧ ಅದೆ. ಆದ್ರೂ ನಾನೊಬ್ನೇ ಮಡಿಕಂಡ್ರೆ ಬೇರೆಯೋರ್ಗೆ ಬ್ಯಾಡ್ವಾ?" ಎಂದರು. ಇದು ನಿಮ್ಮಲ್ಲೇ ಇರಲಿ ಗೌಡರೇ, ಎಲ್ಲರಿಗೂ ಇದೆ ಎನ್ನಬೇಕಿತ್ತು. ಆದರೆ ರಿಜಿಸ್ಟರಿನ ಖಾಲಿ ಪುಟ ಕಣ್ಣಿಗೆ ಬಿತ್ತು. "ಇನ್ನೂ ಹದಿನೈದು ದಿನ ಇಟ್ಕೊಳ್ಳಿ" ಎಂದು ಮತ್ತೊಂದು ಸಹಿ ಹಾಕಿಸಿದೆ. ಗೌಡರು ಕೈಮುಗಿದು ಹೋದರು. ನನಗೆ ನಾಚಿಕೆಯಾಯಿತು.

ಮರುದಿನ ಎಂ.ಎ. ಓದುವ ಹುಡುಗಿ ಸವಿತಾ ಬಂದು ಅದೇ ಪುಸ್ತಕದ ಹೆಸರು ಹೇಳಿದಳು. ಮಾತು ಮುಗಿಯುವ ಮೊದಲೇ ನನ್ನ ನಾಲಿಗೆ, "ಹೊರಗೆ ಹೋಗಿದೆ ಕಣಮ್ಮಾ, ಅರಕೆರೆಯವರು ತಗೊಂಡಿದ್ದಾರೆ" ಎಂದಿತು.

ಅವಳು ತನ್ನ ಫೋನು ತೋರಿಸಿದಳು. "ಪುಸ್ತಕ ನನ್ ತಾವ್ಲೇ ಅದೆ ಸಾ. ಮನೇಲಿ ಟಿವಿ ಗಲಾಟೆ, ಕೂತ್ಕಂಡು ಓದಕ್ಕೆ ಜಾಗಿಲ್ಲ. ಇಲ್ಲೊಂದು ಕುರ್ಚಿ ಸಿಗ್ತದಾ ಅಂತ ಕೇಳಕ್ಕೆ ಬಂದೆ."

ಕಿಟಕಿಯ ಪಕ್ಕದ, ಕಿರುಗುಟ್ಟದ ಕುರ್ಚಿಯನ್ನೇ ತೋರಿಸಿದೆ. ಅವಳು ಕೂತು ಓದತೊಡಗಿದಳು. ಕೋಣೆ ಉಳಿಯಬಹುದೆಂದು ಮೊದಲ ಸಲ ಅನ್ನಿಸಿತು. ಆಮೇಲೆ ಸದ್ದಾಗದಂತೆ ಹತ್ತಿರ ಹೋಗಿ, ಆ ಕುರ್ಚಿಗೂ ಹದಿನೈದು ದಿನಕ್ಕೆಂದು ಸಹಿ ಹಾಕಿಸಿಕೊಂಡು ಬಂದೆ.