ಮುಂಡಿಗೆ ಸಿಕ್ಕಿಸುವ ಪಿಸ್ತೂಲು

ಕೋವಿ ಅಂಗಡಿಯಲ್ಲಿ ಕೆಲಸ ಎಂದ ಕೂಡಲೇ ಜನ ನನ್ನನ್ನು ಸ್ವಲ್ಪ ಹೆದರಿಕೊಂಡೇ ಮಾತಾಡಿಸುತ್ತಾರೆ. ಠಾಣೆ ಶಹರದ ನಮ್ಮ ಅಂಗಡಿಯ ಕೌಂಟರಿನಲ್ಲಿ ಒಮ್ಮೆ ಬಂದು ಕೂರಬೇಕು, ಹೆದರಿಕೆ ಹೋಗಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಕಳೆದ ನವರಾತ್ರಿ ಮುಗಿದ ಮೇಲೆ ಒಬ್ಬರೇ ಗಿರಾಕಿ ನಮ್ಮನ್ನು ಮೂರು ಸಲ ನಗಿಸಿ ಹೋದರು.

ಮೂರನೆಯ ಕೈ

ಅವರು ಇಲ್ಲೇ ಹತ್ತಿರದ ಸೀವುಡ್ಸ್ ಬಡಾವಣೆಯಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯವರು. ಊರಿನ ಗದ್ದೆ ಕಾಯಲು ಪರವಾನಗಿಯ ಒಂಟಿನಳಿಗೆ ಕೋವಿ ಇದೆ. ಸರಕಾರ ಕೊಟ್ಟದ್ದು ಬೆಳೆ ರಕ್ಷಣೆಗೆ, ಇವರು ಮಾತ್ರ ಶಿಕಾರಿ ಎನ್ನುತ್ತಾರೆ.

"ಹಂದಿ ಎದುರೇ ನಿಂತಿತ್ತು ಮಾರಾಯ್ರೆ. ಕೋವಿ ಟಕ್ ಅಂತು, ಗುಂಡು ಹೋಗ್ಲಿಲ್ಲ! ಹಂದಿ ನನ್ನನ್ನು ನೋಡಿ ಪಾಪ ಅಂತ ಹೋಯ್ತು. ಇನ್ನು ಜೀವ ಉಳಿಸ್ಲಿಕ್ಕೆ ಸೊಂಟದಲ್ಲೊಂದು ಪಿಸ್ತೂಲು ಬೇಕೇ ಬೇಕು. ಅರ್ಜಿ ಹಾಕುವ ಮೊದ್ಲು ಆರಿಸುವ ಅಂತ ಬಂದೆ."

ಆರಿಸಲಿಕ್ಕೆಂದೇ, ಗದ್ದೆಗೆ ಉಡುವ ಮುಂಡು ಪಂಚೆಯನ್ನೇ ಉಟ್ಟು ಲೋಕಲ್ ರೈಲಿನಲ್ಲಿ ಬಂದಿದ್ದರು. ಖಾಲಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಮುಂಡು ಕೆಳಗಿಳಿಯತೊಡಗಿತು. ಹಗುರದ್ದು ಕೊಟ್ಟರೂ ಅದೇ ಕತೆ. ಮುಂಡು ಹಿಡಿದುಕೊಂಡೇ ಗಂಭೀರವಾಗಿ ಕೇಳಿದರು: "ಬಲಗೈಯಲ್ಲಿ ಕೋವಿ, ಎಡಗೈಯಲ್ಲಿ ಮುಂಡು. ಪಿಸ್ತೂಲು ತೆಗೀಲಿಕ್ಕೆ ಕೈ ಎಲ್ಲುಂಟು?"

ಮರದ ಸಲಹೆ

ಮರುವಾರ ಪ್ಯಾಂಟ್ ಹಾಕಿಕೊಂಡು ಬಂದರು. ನಮ್ಮ ರಿಪೇರಿಯವ ವಿಜಯಪುರದವನು, ಬಾಯಿ ಸುಮ್ಮನಿರುವುದಿಲ್ಲ.

"ಶೇಟ್, ಹಂದಿ ಮೈಮ್ಯಾಲೆ ಬಂದಾಗ ಪಿಸ್ತೂಲ್ ತಗಿಯಾಕ ಟೈಮ್ ಎಲ್ಲೈತ್ರಿ? ಸೀದಾ ಮರ ಏರ್ರಿ."

"ಈ ಹೊಟ್ಟೆ ಇಟ್ಕೊಂಡು ಮರ ಏರ್ಲಿಕ್ಕುಂಟಾ?"

"ಹಂಗಾರ ಕೆಟ್ಟಿದ್ದ ಕೋವಿ ಮೊದ್ಲು ತರ್ರಿ. ಅದು ರಿಪೇರಿ ಆಗ್ತದ, ಹೊಟ್ಟಿ ನಮ್ಮ ಕಡೆ ಆಗಂಗಿಲ್ಲ."

ಹೆಂಡತಿಯ ಭಕ್ತಿ

ಊರಿಗೆ ಹೋಗಿ ಕೋವಿ ತಂದರು. ಜೊತೆಗೆ ಹೆಂಡತಿಯೂ ಬಂದರು. "ಇವರು ಗದ್ದೆಗೆ ಹೊರಟ್ರೆ ನನಗೆ ಅನ್ನ ಇಳಿಯುದಿಲ್ಲ. ಎಂಥದ್ದು ಬೇಕಾದ್ರೂ ಕೊಡಿ, ಇವರು ಮನೆಗೆ ಬಂದು ಮುಟ್ಟಿದ್ರೆ ಸಾಕು" ಎಂದು ನನ್ನ ಎದುರೇ ಕಣ್ಣು ಒರೆಸಿಕೊಂಡರು. ನಾನು ಕೋವಿಯನ್ನು ರಿಪೇರಿಯವನ ಕೈಗೆ ಕೊಟ್ಟೆ.

ರಿಪೇರಿಯವ ಕೋವಿ ಮಡಚಿ ನಳಿಗೆಯೊಳಗೆ ಸರಳು ತೂರಿದ. ಒಣಗಿದ ಚೆಂಡುಹೂವಿನ ಎಸಳು ಉದುರಿತು. ಹಿಂದೆಯೇ ಗಂಧದ ಗಟ್ಟಿ ಉಂಡೆ. ಗುಂಡಿಗೆ ಬಡಿಯುವ ಸೂಜಿಯ ತೂತಿನ ತುಂಬ ಒಣಗಿದ ಕುಂಕುಮ.

ಅವನ ನಗು ಮಾಯವಾಯಿತು. "ಶೇಟ್, ಕುಂಕುಮ ಸೂಜಿನ್ನ ಹಿಡ್ಕೊಂಡೈತಿ, ಅದಕ್ಕ ಉಳದೀರಿ. ಗುಂಡು ಹಾರಿದ್ರ ಈ ಗಂಧಕ್ಕ ತಡದು ನಳಿಗಿ ನಿಮ್ಮ ಮಾರಿಮ್ಯಾಲೆ ಸಿಡೀತಿತ್ತು."

ಹೆಂಡತಿ ಉದುರಿದ ಎಸಳನ್ನು ಹೆಕ್ಕಿಕೊಂಡರು. ಆಮೇಲೆ ಮೆಲ್ಲನೆ ಹೇಳಿದರು: "ಆಯುಧ ಪೂಜೆಗೆ ನಾನೇ ಇಟ್ಟದ್ದು. ಇವರಿಗೆ ಏನೂ ಆಗ್ಬಾರ್ದು ಅಂತ ಸ್ವಲ್ಪ ಒತ್ತಿ ಒತ್ತಿ ತುಂಬಿಸಿದೆ."

ಹೋಟೆಲ್ ಧಣಿ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನಾನು ದೇವರೇ ಎಂದು ಉಸಿರುಬಿಟ್ಟು ಎಲ್ಲರಿಗೂ ಚಹಾ ತರಿಸಿದೆ. ಎರಡು ಗುಟುಕು ಇಳಿದದ್ದೇ ತಡ, ಧಣಿಗೆ ಮತ್ತೆ ಹಳೇ ರಾಗ: "ಆದ್ರೂ ಆ ದಿನ ಸೊಂಟದಲ್ಲಿ ಪಿಸ್ತೂಲು ಇದ್ದಿದ್ರೆ ಹಂದಿ ಸಿಗ್ತಿತ್ತು, ಅಲ್ವಾ?"

ಹೆಂಡತಿಗೆ ಬೇಸರವೇ ಆಯಿತು.

"ಅದೊಂದನ್ನು ಪೂಜೆ ಮಾಡದೆ ಬಿಡ್ತಿದ್ದೆನಾ ನಾನು?"